ಮಾವನವರನ್ನು ಕಂಡರೆ ಕಪ್ಪಾಗುವ ಕಂಪ್ಯೂಟರ್

ಮಾವನ ಮನೆಯಲ್ಲಿ ಅಳಿಯನಿಗೆ ಎಷ್ಟೇ ಮರ್ಯಾದೆ ಸಿಗಲಿ, ಅಲ್ಲಿ ಇನ್ನೊಬ್ಬ ಅಳಿಯನಿದ್ದರೆ ಅದನ್ನು ನೆಮ್ಮದಿಯಿಂದ ಅನುಭವಿಸಲಾಗುವುದಿಲ್ಲ. ನನ್ನ ಷಡ್ಡಕ ಶಂಕ್ರಪ್ಪ ನರಗುಂದದಲ್ಲಿ ಫ್ಲೆಕ್ಸ್ ಬ್ಯಾನರ್ ಮಾಡುತ್ತಾನೆ. ರೋಣದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನ್ನ ಕೆಲಸಕ್ಕಿಂತ ಅವನದು ಕಣ್ಣಿಗೆ ಬೀಳುವುದು ಜಾಸ್ತಿ, ಸರ್ಕಲ್ಲಿನಲ್ಲೇ ತೂಗುತ್ತಿರುತ್ತದೆ. ಹಾಗಾಗಿ ಗಜೇಂದ್ರಗಡದಲ್ಲಿ ಅತ್ತೆ-ಮಾವನ ಮದುವೆಯ ಐವತ್ತನೇ ವರ್ಷದ ಸಮಾರಂಭ ನಿಶ್ಚಯವಾದಾಗ, ಹಳೆಯ ಫೋಟೋಗಳನ್ನು ಪೋಣಿಸಿ ವಿಡಿಯೋ ಮಾಡುವ ಕೆಲಸವನ್ನು ಯಾರೂ ಕೇಳುವ ಮೊದಲೇ ನಾನು ಮೈಮೇಲೆ ಎಳೆದುಕೊಂಡೆ. ನನ್ನ ಹೆಂಡತಿ ಗಿರಿಜಾ ತವರಿನವರಿಗೆಲ್ಲ ಫೋನು ಮಾಡಿ ಹೇಳಿಯೂ ಬಿಟ್ಟಳು.

ಕೆಲಸ ಚೆನ್ನಾಗಿಯೇ ಸಾಗಿತ್ತು. ಮಾವನವರ ಒಂಟಿ ಫೋಟೋ ಬಂದ ಕೂಡಲೇ ಪರದೆ ಕಪ್ಪಾಗಿ ಕಂಪ್ಯೂಟರ್ ನಿಂತುಬಿಟ್ಟಿತು. ಅವರನ್ನು ಖುಷಿಪಡಿಸಲೆಂದು ಆ ಫೋಟೋಗೆ ಮಾತ್ರ ಸಾಫ್ಟ್‌ವೇರಿನಲ್ಲಿದ್ದ ಅತಿ ಭರ್ಜರಿ ಎಫೆಕ್ಟ್ ಹಾಕಿದ್ದೆ: ಮೇಲಿನಿಂದ ಗುಲಾಬಿ ಪಕಳೆಗಳು ಸುರಿಯುವುದು. ನಾಲ್ಕು ಪಕಳೆ ಉದುರುವಷ್ಟರಲ್ಲಿ ಎಲ್ಲ ಕತ್ತಲೆ. ಮತ್ತೆ ಹಚ್ಚಿದರೆ ಮತ್ತೆ ಅದೇ ಜಾಗ. ಅತ್ತೆಯವರು ಬಂದರೆ ಏನೂ ಇಲ್ಲ, ಶಂಕ್ರಪ್ಪ ಬಂದರೂ ಏನೂ ಇಲ್ಲ. ಮಾವನವರನ್ನು ಕಂಡರೆ ಮಾತ್ರ ಅದಕ್ಕೆ ಜೀವ ಹೋಗುತ್ತಿತ್ತು. ಮದುವೆಯಾದ ಹೊಸದರಲ್ಲಿ ನನಗೂ ಹಾಗೇ ಆಗುತ್ತಿದ್ದುದರಿಂದ ಅದರ ಮೇಲೆ ಕೊಂಚ ಕನಿಕರವೂ ಬಂತು.

ಗಿರಿಜಾಳಿಗೆ ಬರಲಿಲ್ಲ. "ನಮ್ಮಪ್ಪನ ಫೋಟೋಕ್ಕ ಅಷ್ಟ ಹ್ಯಾಂಗ ನಿಂದರತೈತ್ರಿ ಅದು? ನೀವಽ ಏನರ ಮಾಡೀರಿ," ಎಂದಳು.

"ನಾ ಏನ್ ಮಾಡಲಿ? ಅದನ್ನಽ ಕೇಳು."

"ಸಮಾರಂಭ ನಾಡದಽ ಐತಿ. ಲಗೂನ ಶಂಕ್ರಪ್ಪಗ ಕೊಟ್ಟಬಿಡ್ರಿ."

ಆ ಮಾತು ಎದೆಗೇ ನಾಟಿತು. ಹಿರಿಯ ಅಳಿಯ ಕೈಲಾಗದೆ ಬಿಟ್ಟದ್ದನ್ನು ಕಿರಿಯ ಅಳಿಯ ಮುಗಿಸಿದ ಎಂದು ಗಜೇಂದ್ರಗಡದವರು ಆಡಿಕೊಳ್ಳುವುದು ಈಗಲೇ ಕಿವಿಗೆ ಕೇಳಿಸಿತು. ಕಂಪ್ಯೂಟರಿನ ಡಬ್ಬಿ ಬಿಚ್ಚಿ ಧೂಳು ಊದಿ ಸೀನಿದೆ. ವಾಯರುಗಳನ್ನು ಕಿತ್ತು ಮತ್ತೆ ಚುಚ್ಚಿದೆ. ಮಾವನವರು ನಗುತ್ತಿರುವ ಅಪರೂಪದ ಫೋಟೋ ಹುಡುಕಿ ಹಾಕಿದೆ, ಅದಕ್ಕೂ ಒಲಿಯಲಿಲ್ಲ. ಕೊನೆಗೆ ಅದೇ ಪಕಳೆಗಳನ್ನು ಅತ್ತೆಯವರ ಮೇಲೆ ಸುರಿಸಿ ನೋಡಿದೆ. ಅಲ್ಲೂ ಕತ್ತಲೆ. ಅಂದರೆ ತಪ್ಪು ಮಾವನವರದಲ್ಲ.

ಇಂಟರ್‌ನೆಟ್ಟಿನಲ್ಲಿ ತಡಕಾಡಿದ ಮೇಲೆ ಕಳ್ಳ ಸಿಕ್ಕ: ಗ್ರಾಫಿಕ್ಸ್ ಡ್ರೈವರ್. ಚಿತ್ರ ತೋರಿಸುವ ಕಾರ್ಡಿಗೆ ಕಂಪ್ಯೂಟರಿನ ಮಾತು ಮುಟ್ಟಿಸುವ ಪುಟ್ಟ ಪ್ರೋಗ್ರಾಮ್ ಅದು. ಹೋದ ವಾರ ಯಾರನ್ನೂ ಕೇಳದೆ ಹಳೆಯದನ್ನು ತಳ್ಳಿ ಅದರ ಹೊಸ ಆವೃತ್ತಿ ತಾನಾಗಿಯೇ ಬಂದು ಕೂತಿತ್ತು. ನಾನು ಅದಕ್ಕಿಂತಲೂ ಹೊಸದನ್ನು ತಂದು ಹಾಕಿದೆ. ಈಗ ಒಂದೇ ಪಕಳೆಗೆ ಮೂರ್ಛೆ. ಇತಿಹಾಸದ ಮೇಷ್ಟ್ರಿಗೆ ಹಿಂದಕ್ಕೆ ಹೋಗುವ ಬುದ್ಧಿ ಅಷ್ಟು ತಡವಾಗಿ ಬಂದದ್ದು ನಾಚಿಕೆಗೇಡು. ಹೊಸ ಡ್ರೈವರನ್ನು ಬೇರುಸಹಿತ ತೆಗೆದು ಹಳೆಯದನ್ನು ಕೂಡಿಸಿದೆ, ಅದು ಮತ್ತೆ ತಾನಾಗಿಯೇ ಬದಲಾಗದಂತೆ ಇಂಟರ್‌ನೆಟ್ಟನ್ನೂ ಕಿತ್ತಿಟ್ಟೆ. ಪಕಳೆಗಳು ಸುರಿದವು, ಸುರಿಯುತ್ತಲೇ ಇದ್ದವು, ಮುಂದಿನ ಫೋಟೋ ಬಂತು.

"ಗಿರಿಜಾ, ನಿಮ್ಮಪ್ಪ ಪಾರಾದರು," ಎಂದು ಕೂಗಿದೆ.

"ಖರೇನ್ರಿ?" ಎನ್ನುತ್ತ ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಆ ಹೊತ್ತಿಗೆ ವಿಡಿಯೋ ಮುಗಿದಿತ್ತು. ಇಬ್ಬರಿಗೂ ಆನಂದವೋ ಆನಂದ.

ಗಜೇಂದ್ರಗಡದಲ್ಲಿ ಬಂಧುಬಳಗವೆಲ್ಲ ಸೇರಿತ್ತು. ವಿಡಿಯೋ ಪೆನ್‌ಡ್ರೈವಿನಲ್ಲಿ ಭದ್ರವಾಗಿದ್ದರೂ ಮಾವನವರ ಫೋಟೋ ಬಂದಾಗ ನಾನು ರೂಢಿಯಂತೆ ಕುರ್ಚಿಯ ತುದಿಗೆ ಸರಿದೆ. ಪಕಳೆಗಳು ದೊಡ್ಡ ಪರದೆಯ ತುಂಬ ಸುರಿದವು. ಸುರಿದು, ಒಟ್ಟುಗೂಡಿ, ಫೋಟೋದ ಸುತ್ತ ದಪ್ಪ ಹಾರವಾಗಿ ನಿಂತವು. ಕೆಳಗೊಂದು ದೀಪವೂ ಹೊತ್ತಿಕೊಂಡಿತು. ಮನೆಯಲ್ಲಿ ಅದು ನಿಲ್ಲುವುದೋ ಇಲ್ಲವೋ ಎಂದಷ್ಟೇ ನೋಡಿದ್ದ ನಾನು, ಏನು ಕಾಣುತ್ತದೆ ಎಂದು ನೋಡಿಯೇ ಇರಲಿಲ್ಲ. ಸಭೆಯೆಲ್ಲ ತಣ್ಣಗಾಯಿತು. ಆ ಮೌನದಲ್ಲಿ, ಕಂಪ್ಯೂಟರ್ ಸಾಯುತ್ತಿದ್ದ ಜಾಗವನ್ನು ವಿಡಿಯೋ ದಾಟಿತೆಂಬ ಸಂತೋಷಕ್ಕೆ, ನಾನೊಬ್ಬನೇ ಎದ್ದುನಿಂತು ಚಪ್ಪಾಳೆ ಹೊಡೆದೆ.

ಮುಂದಿನ ಸಾಲಿನಲ್ಲಿದ್ದ ಮಾವನವರು ನಿಧಾನ ಹೊರಳಿ ನೋಡಿದರು. "ಅಳಿಯಂದ್ರ, ನಾ ಇನ್ನೂ ಅದೀನಿ. ಇಷ್ಟ್ಯಾಕ ಅವಸರ ಮಾಡಿದ್ರಿ?"

ಸಭೆ ಬಿದ್ದುಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. "ಇನ್ನೊಮ್ಮೆ ಹಚ್ರಿ. ಇದನ್ನ ಕಣ್ಣಾರೆ ನೋಡೂ ಯೋಗ ಎಲ್ಲಾರಿಗೂ ಇರೂದಿಲ್ಲ," ಎಂದು ಹಚ್ಚಿಸಿ, ಮತ್ತೆ ಮತ್ತೆ ನೋಡಿದರು. ವಿಡಿಯೋ ಒಂದು ಸಲವೂ ನಿಲ್ಲಲಿಲ್ಲ. ಶಂಕ್ರಪ್ಪ ಕೂಡ ಬಂದು ನನ್ನ ಕೈ ಕುಲುಕಿದ. ಗೆದ್ದೆ ನಿಜ. ಆದರೆ ಮಾವನವರ ಮರ್ಯಾದೆ ಕಾಯಲು ಅಷ್ಟು ಸಲ ಪ್ರಾಣ ಬಿಟ್ಟ ಕಂಪ್ಯೂಟರನ್ನು ಪಟ್ಟುಹಿಡಿದು ಸರಿಮಾಡಿದ ಅಳಿಯನೂ ನಾನೇ.