ರೊಟ್ಟಿ ಹೊದ್ದ ಅಟ್ಟ

ಅಮರವ್ವನ ಮನೆಗೆ ತಾರಸಿ ಇರಲಿಲ್ಲ. ಮೇಲೆ ತಗಡು, ತಗಡಿನ ಕೆಳಗೆ ಹಲಗೆಯ ಅಟ್ಟ. ರಾಯಚೂರಿನ ಮೇ ತಿಂಗಳ ಬಿಸಿಲು ಎರಡನ್ನೂ ದಾಟಿ ಬಂದು, ಒಲೆಯ ಮುಂದೆ ಕೂತ ಅವಳ ನೆತ್ತಿಯ ಮೇಲೇ ಕೂರುತ್ತಿತ್ತು. ಆ ಬೇಗೆಯಲ್ಲೇ ಮುನ್ನೂರು ಕಡಕ್ ರೊಟ್ಟಿ ಬಡಿದು ಅಟ್ಟದಲ್ಲಿ ಪೇರಿಸಿದ್ದಳು. ನಾಳೆ ತಂಗಿಯ ಮಗಳ ಮದುವೆ. "ರೊಟ್ಟಿ ನಂದು" ಎಂದು ಬೀಗರೆದುರು ಎದೆ ತಟ್ಟಿ ಬಂದಿದ್ದಳು.

"ಅಟ್ಟಕ್ಕ ಶಾಖ ತಡಿಯೋ ಹೊದಿಕಿ ಹಾಕಿದ್ರ ಮನಿ ಊಟಿ ಆಗ್ತದ!" ಎಂದ ಗಂಡ ಹಂಪಣ್ಣ. ಪಾಲಿಟೆಕ್ನಿಕ್ಕಿನ ಲ್ಯಾಬಿನಿಂದ ನಿವೃತ್ತನಾದಾಗಿನಿಂದ ಅವನಿಗೆ ಯಂತ್ರ ಕಟ್ಟುವ ಹುಚ್ಚು. ಇದು ಹೊಸದು: ಅಂಟು ತುಂಬಿದ ಹಳೇ ಕೂಲರಿನ ಹೊಟ್ಟೆ, ಎರಡು ಉದ್ದ ಕೈ, ಎರಡು ಗಿಡ್ಡ ಕಾಲು, ಹಣೆಯಲ್ಲಿ ಶಾಖ ಅಳೆಯುವ ಕಣ್ಣು. ಹೆಸರು ತಂಪರಾಯ!

"ಯಾವ ಹೊದಿಕಿ ಛಲೋ ಅಂತ ಇದೇ ಆರಸ್ತದ, ಇದೇ ಅಂಟಸ್ತದ."

"ಬಟ್ಟಿ ಒಗಿಯೋ ಯಂತ್ರಕ್ಕೂ ಹಿಂಗಾ ಅಂದಿದ್ರಿ. ನಿಮ್ಮ ಧೋತರ ಇನ್ನೂ ಬೇವಿನ ಗಿಡದಾಗ ಅದ."

ಹಂಪಣ್ಣ ಗುಂಡಿ ಒತ್ತಿದ. ತಂಪರಾಯ ಮುಂದಿಟ್ಟಿದ್ದ ಥರ್ಮಾಕೋಲ್ ಮುಟ್ಟಿ ನೋಡಿ ಬಿಸಾಕಿದ. ತೆಂಗಿನ ನಾರು ಬಿಸಾಕಿದ. ಗಾಜಿನ ಉಣ್ಣೆಯನ್ನೂ ಒದ್ದು, ದಡದಡ ಅಟ್ಟ ಹತ್ತಿದ. ಮೇಲೆ ಟಪ್ ಟಪ್ ಸದ್ದು. ಸ್ವಲ್ಪ ಹೊತ್ತಿಗೇ ಮನೆ ತಣ್ಣಗಾಯಿತು!

"ನಿಮ್ಮ ತಲ್ಯಾಗ ಮಿದುಳು ಅದ ಅಂತ ಇವತ್ತ ಗೊತ್ತಾತ್ ನೋಡ್ರಿ!" ಎಂದಳು ಅಮರವ್ವ. ಬೆವರು ಒರೆಸಲು ಸೆರಗೆತ್ತಿದರೆ ಬೆವರೇ ಇರಲಿಲ್ಲ. ಆಗ ಕಣ್ಣಿಗೆ ಬಿತ್ತು: ಥರ್ಮಾಕೋಲ್ ಮೂಲೆಯಲ್ಲಿದೆ. ನಾರೂ ಇದೆ. ಹಾಗಾದರೆ ಮೇಲೆ ಅಂಟಿದ್ದೇನು?

ಏಣಿ ಹತ್ತಿ ನೋಡಿದಳು. ತಗಡಿನಡಿ ಸಾಲುಸಾಲಾಗಿ, ಹಂಚು ಹೊದಿಸಿದಂತೆ, ಅವಳ ರೊಟ್ಟಿ!

"ಪದರ ಪದರ, ನಡುವ ಒಣಾ ಗಾಳಿ! ಶಾಖ ತಡಿಯಾಕ ಇದಕ್ಕಿಂತ ಛಲೋದು ಜಗತ್ತಿನಾಗಿಲ್ಲ. ಎಲ್ಲಾ ನಿನ್ನ ಕೈಗುಣ!" ಹಂಪಣ್ಣ ಹಿಂದೆಯೇ ಹತ್ತಿ ಬಂದು ಹಿಗ್ಗಿದ.

"ಕೈಗುಣಕ್ಕ ಬೆಂಕಿ ಹಾಕ! ನಾಳೆ ಬೀಗರಿಗೆ ತಗಡು ನೆಕ್ರಿ ಅನ್ಲೇನು?"

ಒಂದು ರೊಟ್ಟಿ ಕಿತ್ತಳು. ಅಂಟಿನ ಸಮೇತ ಪುಡಿಯಾಯಿತು. ಸಂದು ಬಿತ್ತೆಂದು ತಂಪರಾಯ ಕೈ ಚಾಚಿ ಹೊದೆಯುವ ಕೌದಿ ಅಂಟಿಸಿದ. ಅವಳು ಇನ್ನೊಂದು ಕಿತ್ತಳು. ಮದುವೆಗೆಂದು ಅವಳು ತೆಗೆದಿಟ್ಟ ರೇಷ್ಮೆ ಸೀರೆಯನ್ನೇ ತಂಪರಾಯ ಅಂಟಿಸಿದ!

"ನಿಲ್ಲಸ್ರಿ ಅದನ್ನ!"

"ಗುಂಡಿ ಅದರ ಹೊಟ್ಟಿ ಕೆಳಗದ. ಅದು ಎದ್ದ್ರ ಸಿಗ್ತದ."

ಅಮರವ್ವ ಬೈಯಲು ಶುರುಮಾಡಿದಳು. ಹಂಪಣ್ಣನ ಅಜ್ಜನಿಂದ ಹಿಡಿದು ಸಾಲಾಗಿ ಎಲ್ಲರನ್ನೂ ಬೈದಳು. ತಂಪರಾಯನ ಕಣ್ಣು ಅವಳ ಮುಖಕ್ಕೆ ತಿರುಗಿತು: ಕೆಂಪು ದೀಪ. ಮೊಳ ದೂರದಲ್ಲಿದ್ದ ಹಂಪಣ್ಣನ ಮುಖಕ್ಕೆ ತಿರುಗಿತು: ನೀಲಿ. ಅವಳು ದನಿ ಏರಿಸಿದಳು. ಕಡುಗೆಂಪು! ಹಂಪಣ್ಣ ಮೀಸೆ ತೀಡುತ್ತ ನಿಂತಿದ್ದ. ಅದೇ ನೀಲಿ. ಇಷ್ಟು ಶಾಖ ಬಡಿದರೂ ಒಳಗೆ ಒಂದಿಷ್ಟೂ ಇಳಿದಿರಲಿಲ್ಲ. ತಂಪರಾಯ ಸಂತೋಷದಿಂದ ಕುಂಯ್‌ಗುಟ್ಟಿ ಹಂಪಣ್ಣನನ್ನು ಎತ್ತಿಕೊಂಡ.

"ಏ ಅಮರಾ! ಇದು ನನ್ನನ್ನ ಹೊದಿಕಿ ಅಂತ ತಿಳದದ!"

"ನನಗ ತಿಳಿಯಾಕ ಮೂವತ್ತು ವರ್ಷ ಹಿಡೀತು. ಶಾಣ್ಯಾ ಅದ."

ಮೂಲೆಯಲ್ಲಿ ಉಳಿದಿದ್ದ ಸಂದಿಗೆ ಹಂಪಣ್ಣ ಅಳತೆ ಮಾಡಿ ಕೊಯ್ದಂತೆ ಅಂಟಿ ಕೂತ. ಕೆಲಸ ಮುಗಿಯಿತೆಂದು ಯಂತ್ರ ತಾನೇ ಆರಿತು.

ಮರುದಿನ ಬೀಗರು ಅನ್ನ ಉಂಡರು.

"ರೊಟ್ಟಿ ಎಲ್ಲಿ ಅಮರವ್ವ?"

"ಅಟ್ಟದಾಗ."

"ಯಜಮಾನ್ರು?"

"ಅವರೂ ಅಲ್ಲೇ."

ಮದುವೆ ಮುಗಿಸಿ ಬಂದು, ತಂಪಿನಲ್ಲಿ ಒಂದು ನಿದ್ದೆ ತೆಗೆದು, ಆಮೇಲೆ ಅವನನ್ನು ಕಿತ್ತಳು. ಒಟ್ಟು ಹೋದದ್ದು: ಮುನ್ನೂರು ರೊಟ್ಟಿ, ಒಂದು ಕೌದಿ, ಒಂದು ರೇಷ್ಮೆ ಸೀರೆ, ಅರ್ಧ ಮೀಸೆ.