ಅಮ್ಮನ ಸಾವಿಗೆ ಅಮ್ಮನೇ ಇರಲಿಲ್ಲ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಅಂದುಕೊಂಡ ಹಾಗೆ ನಡೆದದ್ದಿಲ್ಲ. ಚರ್ಚಿನಲ್ಲಿ ನನಗೆ ಹೆಸರಿಟ್ಟ ಜ್ಞಾನಸ್ನಾನದ ದಿನ, ಮಗುವನ್ನು ಎತ್ತಿ ಹಿಡಿಯಬೇಕಾದ ಜ್ಞಾನತಂದೆಯೇ ಬರಲಿಲ್ಲವಂತೆ. ನನ್ನ ಮದುವೆಯ ದಿನ ಉಂಗುರಗಳು ಮನೆಯಲ್ಲೇ ಉಳಿದಿದ್ದವು. ಇಂಥ ವಂಶದಲ್ಲಿ ಒಂದು ಸಾವು ಮಾತ್ರ ಸಸೂತ್ರವಾಗಿ ನಡೆದೀತು ಎಂದು ನಂಬುವುದು ದಡ್ಡತನ. ಆದರೆ ಈ ಸಲ ನಡೆಯಲೇಬೇಕಿತ್ತು, ಏಕೆಂದರೆ ಹೋದವಳು ಅಮ್ಮ.

ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಶಾಲೆ ಬಿಟ್ಟು ಎಷ್ಟೋ ವರ್ಷವಾದರೂ ಮಾರ್ಕ್ಸ್ ಹಾಕುವ ಚಟ ಬಿಟ್ಟಿರಲಿಲ್ಲ. ಪಾಠಕ್ಕೆ ಮಕ್ಕಳಿಲ್ಲದ ಮೇಲೆ ಅವಳು ಹಿಡಿದುಕೊಂಡದ್ದು ಸಾವುಗಳನ್ನು. ನಮ್ಮ ಚರ್ಚಿಗೆ ಸೇರಿದ ಯಾರೇ ತೀರಿಕೊಂಡರೂ ತಪ್ಪದೆ ಹೋಗುತ್ತಿದ್ದಳು. ಮನೆಗೆ ಬಂದು ಸ್ನಾನ ಮಾಡಿ, ಕಾಫಿ ಲೋಟ ಹಿಡಿದು ಕೂತು, ಹತ್ತಕ್ಕೆ ಎಷ್ಟು ಎಂದು ನನಗೆ ಹೇಳುತ್ತಿದ್ದಳು. ಒಂದು ಮನೆಯವರು ಚರ್ಚಿನಲ್ಲಿ ಮಾಡಿಸಿದ ಬಲಿಪೂಜೆ ಬಹಳ ಉದ್ದವಾಯಿತೆಂದು, "ಸತ್ತಿದ್ದು ಒಬ್ಬರೇ, ಮಲಗಿದ್ದು ಚರ್ಚ್ ಪೂರ್ತಿ" ಎಂದು ನಾಲ್ಕು ಕೊಟ್ಟಿದ್ದಳು. ಅವಳಿಂದ ಏಳರ ಮೇಲೆ ಪಡೆದವರಿಲ್ಲ. ಸ್ವಂತ ಗಂಡನ ಸಾವಿಗೇ ಆರು ಕೊಟ್ಟವಳು ಅವಳು. ಹೂವು ಜಾಸ್ತಿ, ಪ್ರಾರ್ಥನೆ ಕಡಿಮೆ ಎಂದು ಕಾರಣವನ್ನೂ ಹೇಳಿದ್ದಳು.

ಅಂಥವಳು ಒಂದು ಬೆಳಗ್ಗೆ ಕಾಫಿಗೆ ಏಳಲಿಲ್ಲ. ಡಾಕ್ಟರು ಬಂದು ನೋಡಿ, ನಿದ್ದೆಯಲ್ಲೇ ಹೋಗಿದ್ದಾರೆ, ಪುಣ್ಯವಂತೆ ಎಂದರು. ನನಗೆ ಅಳು ಬರಲಿಲ್ಲ. ಬಂದದ್ದು ಭಯ. ಅಮ್ಮನೇ ತಪ್ಪು ಹುಡುಕಲಾರದಂಥ ಒಂದು ಸಾವನ್ನು ಅಮ್ಮನಿಗೆ ಮಾಡಬೇಕು, ಅದೂ ಮಾರನೆಯ ದಿನದೊಳಗೆ. ಬದುಕಿದ್ದಾಗ ಅವಳ ಬಾಯಲ್ಲಿ 'ಪರವಾಗಿಲ್ಲ' ಎನ್ನಿಸಿಕೊಳ್ಳಲು ಹೆಣಗಿದವನು ನಾನು. ಇದು ಕೊನೆಯ ಪರೀಕ್ಷೆ.

ಅಳತೆ

ಪೆಟ್ಟಿಗೆ ತರಲು ನಾನೂ ನನ್ನ ಹೆಂಡತಿಯೂ ನಜರ್‌ಬಾದ್ ಕಡೆಯ ಒಂದು ಅಂಗಡಿಗೆ ಹೋದೆವು. ಅಂಗಡಿಯವರು ಬಹಳ ಮರ್ಯಾದಸ್ಥರು. ಕೂರಿಸಿ, ನೀರು ಕೊಟ್ಟು, ಅಮ್ಮನ ಎತ್ತರ ಎಷ್ಟು ಎಂದು ಕೇಳಿದರು.

ನಾನು ಹೆಂಡತಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅಮ್ಮನ ಸಕ್ಕರೆ ಎಷ್ಟು, ಬಿಪಿ ಎಷ್ಟು, ಕನ್ನಡಕದ ನಂಬರ್ ಎಷ್ಟು ಎಲ್ಲವೂ ಗೊತ್ತು. ಎತ್ತರವನ್ನು ಯಾರು ಕೇಳಿದ್ದರು? ನನ್ನ ಕಣ್ಣಿಗೆ ಅಮ್ಮ ಆರಡಿಯ ಮೇಲೇ ಇದ್ದಳು. ಕೊನೆಗೆ ನನ್ನ ಹೆಂಡತಿ, ಅತ್ತೆ ತನ್ನ ಕಿವಿಯ ಮಟ್ಟಕ್ಕೆ ಬರುತ್ತಿದ್ದರು ಎಂದಳು. ಅಂಗಡಿಯವರು ಸಂಕೋಚಪಡುತ್ತಲೇ ಟೇಪು ತೆಗೆದು ಅವಳನ್ನು ಗೋಡೆಗೆ ನಿಲ್ಲಿಸಿ ಕಿವಿಯವರೆಗೆ ಅಳೆದರು. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಇಪ್ಪತ್ತು ವರ್ಷ ಅತ್ತೆಗೆ ಸರಿಸಮ ನಿಲ್ಲಲು ನೋಡಿದವಳಿಗೆ ಹೀಗೊಂದು ದಿನ ನಿಲ್ಲಬೇಕಾಗಿ ಬರುತ್ತದೆಂದು ಗೊತ್ತಿರಲಿಲ್ಲವಂತೆ.

ಆ ಅಳತೆಯಲ್ಲಿ ಇದ್ದದ್ದು ಒಂದೇ ಪೆಟ್ಟಿಗೆ. ಒಳಗೆಲ್ಲ ಬಿಳಿ ಸ್ಯಾಟಿನ್ನು, ಅಂಚಿಗೆ ನೆರಿಗೆ ನೆರಿಗೆಯಾದ ಲೇಸು. ಇಂಥದ್ದೇ ಒಂದನ್ನು ಯಾರದೋ ಮನೆಯಲ್ಲಿ ನೋಡಿ ಬಂದು ಅಮ್ಮ, ಬರ್ತ್‌ಡೇ ಕೇಕಿನ ಹಾಗಿತ್ತು, ಸುತ್ತ ಮೇಣದಬತ್ತಿಯನ್ನೂ ಹಚ್ಚಿದ್ದರು, ಊದುವುದೊಂದು ಬಾಕಿ ಎಂದಿದ್ದಳು. ಬೇರೆ ಇಲ್ಲವೇ ಎಂದೆ. ಇನ್ನೊಂದಿದೆ, ಸ್ವಲ್ಪ ದೊಡ್ಡದು, ದೊಡ್ಡದಾದರೇ ಒಳ್ಳೆಯದಲ್ಲವೇ ಎಂದರು ಅಂಗಡಿಯವರು.

"ಸ್ಕೂಲ್ ಯೂನಿಫಾರ್ಮ್ ಅಲ್ಲ ಕಣ್ರೀ ಇದು," ಎಂದಳು ನನ್ನ ಹೆಂಡತಿ. "ಅವರು ಇನ್ನು ಬೆಳೆಯಲ್ಲ."

ಕೇಕೇ ಗತಿಯಾಯಿತು.

ತಮಟೆ

ನಮ್ಮ ಪಕ್ಕದ ಮನೆಯವರು ಕಟ್ಟಡ ಕಂಟ್ರಾಕ್ಟರು. ನಂಜನಗೂಡು ಕಡೆಯ ಹಳ್ಳಿಯ ಒಕ್ಕಲು ಮನೆತನ, ವಿದ್ಯಾರಣ್ಯಪುರಂಗೆ ಬಂದು ಬಹಳ ಕಾಲವಾಯಿತು. ಅವರ ಮಕ್ಕಳಿಗೆ ಮಗ್ಗಿ ಕಲಿಸಿದವಳು ಅಮ್ಮ. ಸುದ್ದಿ ತಿಳಿದದ್ದೇ ಬಂದವರು, ಶಾಮಿಯಾನ, ಕುರ್ಚಿ, ನೀರಿನ ಕ್ಯಾನು ಎಲ್ಲವನ್ನೂ ಕೇಳದೆಯೇ ತರಿಸಿದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ತಿಂಡಿಯನ್ನೂ ಅವರ ಮನೆಯಿಂದಲೇ ಕಳಿಸಿದರು. ಮನೆಮಗನಿಗಿಂತ ಹೆಚ್ಚು ಓಡಾಡಿದರು ಎಂದು ನೆಂಟರು ನನಗೆ ಕೇಳುವ ಹಾಗೆಯೇ ಮಾತಾಡಿಕೊಂಡರು.

ಮಾರನೆಯ ಬೆಳಗ್ಗೆ ಜಗಲಿಯಲ್ಲಿ ಹೆಂಗಸರು ಮಣಿ ಎಣಿಸುತ್ತಾ ಜಪಸರದ ಪ್ರಾರ್ಥನೆ ಹೇಳುತ್ತಿದ್ದರು. ಗೇಟಿನ ಮುಂದೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಅದರಿಂದ ತಮಟೆಯವರು ಇಳಿದರು. ನಾನು ಓಡಿಹೋಗಿ ಇದೇನು ಎಂದು ಕೇಳಿದೆ.

"ಮೊಮ್ಮಕ್ಕಳ್ನ ಕಂಡು ನೆಮ್ಮದಿಯಾಗಿ ಓಗವ್ರೆ ಸಾರ್, ಇದು ಸಂತೋಸದ ಸಾವು," ಎಂದರು ಕಂಟ್ರಾಕ್ಟರು. ಅವರ ಕಣ್ಣುಗಳು ಕೆಂಪಾಗಿದ್ದವು. "ಅಮ್ಮಾರ್ನ ಸದ್ದಿಲ್ದೆ ಕಳಿಸ್ಬುಟ್ರೆ ನಮ್ಗೆ ಮರ್ವಾದೆ ಏನುಳೀತು?"

ನಮ್ಮಲ್ಲಿ ತಮಟೆಯ ಪದ್ಧತಿ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ. ಜಪಸರ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಬೀದಿಯ ತಿರುವಿನವರೆಗೆ ಮಾತ್ರ ಬಾರಿಸಲಿ ಎಂದು ರಾಜಿಯಾಯಿತು. ತಮಟೆಯವರು ಪಾಪ, ತಲೆ ಬಗ್ಗಿಸಿ ಗೋಡೆಗೆ ಒರಗಿ ನಿಂತರು.

ಆ ಹೊತ್ತಿಗೆ ನಮ್ಮ ಫಾದರ್ ಸ್ಕೂಟರಿನಲ್ಲಿ ಬಂದು, ಬಿಳಿ ನಿಲುವಂಗಿ ಸರಿಮಾಡಿಕೊಂಡು ಗೇಟಿನೊಳಗೆ ಕಾಲಿಟ್ಟರು. ದೊಡ್ಡವರು ಯಾರೋ ಬಂದರೆಂದು ತಮಟೆಯವರು ಪದ್ಧತಿಯ ಪ್ರಕಾರ ಒಂದೇ ಸಲಕ್ಕೆ ಬಾರಿಸಲು ಶುರುಮಾಡಿದರು. ಫಾದರ್ ಬೆಚ್ಚಿದರು. ಹಿಂದೆ ಹೋಗುವಂತಿಲ್ಲ, ನಿಲ್ಲುವಂತಿಲ್ಲ. ಮುಂದೆ ನಡೆದರು. ಆ ಏಟಿನ ಮುಂದೆ ಯಾರ ಕಾಲು ತಾನೆ ಸುಮ್ಮನಿರುತ್ತದೆ? ಗೇಟಿನಿಂದ ಅಮ್ಮನ ತಲೆದೆಸೆಯವರೆಗೆ ಅವರ ಒಂದು ಹೆಜ್ಜೆಯೂ ತಾಳ ತಪ್ಪಲಿಲ್ಲ. ಜಪಸರದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಇನ್ನು ಬೈಗುಳ ಖಂಡಿತ ಎಂದು ನಾನು ಕೈಮುಗಿದು ನಿಂತೆ. ಫಾದರ್ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, ನಮ್ಮ ಚರ್ಚಿನ ಹಬ್ಬದ ಮೆರವಣಿಗೆಗೆ ಇವರು ಬರುತ್ತಾರೆಯೇ, ನಂಬರ್ ಇದ್ದರೆ ಕೊಡಿ ಎಂದರು.

ಹಳೆಯ ಶಿಷ್ಯ

ನನ್ನದು ಡ್ರೈವಿಂಗ್ ಸ್ಕೂಲು. ಮೈಸೂರಿನ ಯಾವ ಸಿಗ್ನಲ್ಲಿನಲ್ಲಿ ನಿಂತರೂ ನಾನು ಬೈದವರು ಒಬ್ಬರಾದರೂ ಸಿಗುತ್ತಾರೆ. ಶವದ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಪಕ್ಕಕ್ಕೆ ನೋಡಿದರೆ ಅದರ ಡ್ರೈವರೂ ನನ್ನ ಹಳೆಯ ಶಿಷ್ಯನೇ. ಈಗ ಅವನಿಗೂ ತಲೆ ನರೆತಿದೆ.

ನನ್ನನ್ನು ಕಂಡದ್ದೇ ಬೆನ್ನು ನೆಟ್ಟಗೆ ಮಾಡಿ ಕೂತ. ಸೀಟ್ ಬೆಲ್ಟ್ ಹಾಕಿದ. ಕನ್ನಡಿಗಳನ್ನೆಲ್ಲ ಸರಿಮಾಡಿದ. ಖಾಲಿ ಬೀದಿಯಲ್ಲಿ ಇಂಡಿಕೇಟರ್ ಹಾಕಿ, ಹೊರಡಲೇ ಸಾರ್ ಎಂದು ಅನುಮತಿ ಕೇಳಿದ. ಹಂಪು ಬಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದ. ಚರ್ಚಿಗೆ ಹೋಗುವ ಏರಿನಲ್ಲಿ ಗಾಡಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ಆಫ್. ಹಿಂದೆ ನೆಂಟರ ಕಾರುಗಳು ಸಾಲಾಗಿ ನಿಂತವು. ಸಾವಿನ ಗಾಡಿಗೆ ಹಾರ್ನ್ ಹೊಡೆಯುವಂತಿಲ್ಲವೆಂದು ಎಲ್ಲರೂ ಹಲ್ಲು ಕಚ್ಚಿಕೊಂಡು ಕೂತಿದ್ದರು.

ನನ್ನ ನಾಲಗೆ ನನ್ನ ಮಾತು ಕೇಳಲಿಲ್ಲ. ಕ್ಲಚ್ಚನ್ನು ಮೆಲ್ಲಗೆ ಬಿಡಯ್ಯ, ಎಷ್ಟು ಸಲ ಹೇಳಿಕೊಟ್ಟಿದ್ದೇನೆ, ಹ್ಯಾಂಡ್‌ಬ್ರೇಕ್ ಇರುವುದು ಯಾಕೆ ಎಂದು ಶುರುಮಾಡಿದೆ. ಹಿಂದೆ ಅಮ್ಮ ಮಲಗಿದ್ದಾಳೆ, ಮುಂದೆ ನಾನು ಅವನಿಗೆ ಪಾಠ ಹೇಳುತ್ತಿದ್ದೇನೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಹ್ಯಾಂಡ್‌ಬ್ರೇಕ್ ಎಳೆದು, ನನ್ನ ಕಡೆ ತಿರುಗಿದ.

"ಸಾರ್, ತಪ್ಪು ತಿಳ್ಕೋಬೇಡಿ. ನೀವು ಹಿಂದೆ ಅಮ್ಮನ ಅತ್ರ ಕೂತ್ಕೊಳ್ಳಿ. ಗಾಡಿ ನಾನು ನೋಡ್ಕೋತೀನಿ."

ಇಳಿದು ಹಿಂದೆ ಹೋಗಿ ಕೂತೆ. ಎರಡು ದಿನದಲ್ಲಿ ನಾನು ಅಮ್ಮನ ಪಕ್ಕ ಕೂತದ್ದು ಅದೇ ಮೊದಲು. ಕುರ್ಚಿ, ಹೂವು, ಪೆಟ್ಟಿಗೆ ಎಂದು ಓಡಾಡಿದ್ದೇ ಆಗಿತ್ತು. ಲೇಸಿನ ನೆರಿಗೆಯನ್ನು ಅವಳ ಕೆನ್ನೆಯಿಂದ ಸ್ವಲ್ಪ ಸರಿಸಿದೆ. ಆಗಲೂ ಕಣ್ಣಲ್ಲಿ ನೀರು ಬರಲಿಲ್ಲ.

ನಾನು ಮುಂದಿನ ಸೀಟು ಬಿಟ್ಟದ್ದೇ ತಡ, ಗಾಡಿ ಒಂದೇ ಸಲಕ್ಕೆ ಏರು ಹತ್ತಿತು.

ಪ್ರಸಂಗ

ಚರ್ಚ್ ಕಿಕ್ಕಿರಿದಿತ್ತು. ಭಾನುವಾರದ ಪೂಜೆಗೂ ಕಾಣದ ಮುಖಗಳೆಲ್ಲ ಅಂದು ಅಲ್ಲಿದ್ದವು. ಬೋಗಾದಿಯ ಹೊಸ ಲೇಔಟಿಗೆ ಮನೆ ಬದಲಿಸಿ, ಬೇರೆ ಚರ್ಚಿಗೆ ಸೇರಿದವರೂ ಬಂದಿದ್ದರು. ಜಾಗ ಸಾಲದೆ ಜನ ಬಾಗಿಲ ಹೊರಗೆ ನಿಂತಿದ್ದರು. ಅಮ್ಮನ ಮೇಲೆ ಊರಿಗೆ ಇಷ್ಟೊಂದು ಪ್ರೀತಿ ಇತ್ತೇ ಎಂದು ನನ್ನ ಎದೆ ತುಂಬಿ ಬಂತು. ಬೇರೆ ಎಲ್ಲದಕ್ಕೂ ಮಾರ್ಕ್ಸ್ ಹೋದರೂ ಜನಕ್ಕೆ ಪೂರ್ತಿ ಸಿಗುತ್ತದೆ ಎಂದುಕೊಂಡೆ.

ನಮ್ಮ ಫಾದರ್ ಈ ಚರ್ಚಿಗೆ ವರ್ಗವಾಗಿ ಬಂದು ಸ್ವಲ್ಪ ದಿನವಾಗಿತ್ತಷ್ಟೆ. ಪೂಜೆಯ ನಡುವೆ ಮಾಡುವ ಪ್ರಸಂಗದಲ್ಲಿ ಅಮ್ಮನ ಬಗ್ಗೆ ಏನು ಹೇಳಲಿ ಎಂದು ಹಿಂದಿನ ದಿನ ಕೇಳಿದ್ದರು. ಎಲ್ಲರ ಸಾವಿಗೂ ತಪ್ಪದೆ ಹೋಗುತ್ತಿದ್ದಳು ಎಂದಿದ್ದೆ. ಅದು ಸುಳ್ಳಲ್ಲ. ಫಾದರ್ ಅದನ್ನೇ ಹಿಡಿದುಕೊಂಡರು. ದುಃಖದಲ್ಲಿರುವವರ ಮನೆಬಾಗಿಲಿಗೆ ಹೋಗುವುದೇ ಈ ತಾಯಿಯ ಧರ್ಮವಾಗಿತ್ತು ಎಂದರು. ಇಲ್ಲಿ ಕೂತಿರುವ ಎಷ್ಟು ಕುಟುಂಬಗಳಿಗೆ ಈಕೆಯ ಸಾಂತ್ವನದ ಮಾತು ಇಂದಿಗೂ ಕಿವಿಯಲ್ಲಿ ಉಳಿದಿದೆಯೋ ಎಂದರು.

ಮೂರನೆಯ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಐದನೆಯ ಬೆಂಚಿನಲ್ಲಿ ಕರ್ಚೀಫು ಮುಖಕ್ಕೆ ಹೋಯಿತು. ಆಮೇಲೆ ಒಂದೊಂದು ಬೆಂಚಿನಲ್ಲೂ ತಲೆಗಳು ಬಗ್ಗಿದವು, ಭುಜಗಳು ಅಲುಗಾಡಿದವು. ಚರ್ಚಿಗೆ ಚರ್ಚೇ ಬಿಕ್ಕುತ್ತಿದೆ ಎಂದು ಫಾದರ್‌ಗೆ ಅನ್ನಿಸಿತು. ಅವರು ಎರಡೂ ಕೈ ಚಾಚಿದರು. ಅಳಬೇಡಿ, ಆಕೆ ಮೇಲಿನಿಂದ ನಿಮ್ಮನ್ನೆಲ್ಲ ನೋಡುತ್ತಿದ್ದಾರೆ ಎಂದರು.

ಭುಜಗಳು ಇನ್ನೂ ಜೋರಾಗಿ ಅಲುಗಾಡಿದವು. ಇಡೀ ಚರ್ಚಿನಲ್ಲಿ ಕಣ್ಣು ಒಣಗಿದ್ದವನು ನಾನೊಬ್ಬನೇ ಎಂದು ನನಗೆ ನಾಚಿಕೆಯಾಯಿತು.

ರಿಸಲ್ಟು

ಸಮಾಧಿಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಹೊರಟರು. ಮನೆಗೆ ಬಂದು ಸ್ನಾನ ಮಾಡಿ ಜಗಲಿಗೆ ಬಂದರೆ ಅಲ್ಲಿ ಮೂವರು ಮುದುಕಿಯರು ಕಾಫಿ ಹಿಡಿದು ಕೂತಿದ್ದರು. ಚರ್ಚಿನ ಮೊದಲ ಬೆಂಚಿನಲ್ಲಿ ಅಮ್ಮನ ಜೊತೆ ಕೂರುತ್ತಿದ್ದವರು. ಅವಳ ಜೊತೆ ಸಾವುಗಳಿಗೆ ಹೋಗಿ ಹೋಗಿ ಪಳಗಿದವರು. ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಅವರಲ್ಲಿ ಹಿರಿಯರು, ಎಲ್ಲಾ ಚೆನ್ನಾಗಾಯಿತು ಕಣಪ್ಪ ಎಂದರು. ಉಳಿದಿಬ್ಬರು ತಲೆಯಾಡಿಸಿದರು.

ಆ ಮಾತು ನನ್ನನ್ನು ಚುಚ್ಚಿದಷ್ಟು ಎರಡು ದಿನದಲ್ಲಿ ಯಾವುದೂ ಚುಚ್ಚಿರಲಿಲ್ಲ. ಎಲ್ಲಾ ಚೆನ್ನಾಗಿತ್ತು ಎಂದು ಅಮ್ಮ ಯಾವ ಸಾವಿಗೂ ಹೇಳಿದವಳಲ್ಲ. ನನಗೆ ಸಮಾಧಾನ ಬೇಡ, ಅಮ್ಮ ಇದ್ದಿದ್ದರೆ ಏನು ಹೇಳುತ್ತಿದ್ದಳೋ ಅದನ್ನು ಹೇಳಿ ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. ಹಿರಿಯರು ಲೋಟ ಕೆಳಗಿಟ್ಟರು. ಆಮೇಲೆ ಕಟ್ಟೆ ಒಡೆಯಿತು. ಪೆಟ್ಟಿಗೆಯ ಲೇಸು ಮೊದಲು ಬಂತು. ಎರಡನೆಯ ಹಾಡಿಗೆ ಗಾನವೃಂದ ಒಂದು ಕಡೆ, ಕೀಬೋರ್ಡು ಇನ್ನೊಂದು ಕಡೆ ಹೋದದ್ದು ಬಂತು. ಅಮ್ಮನ ಕೈಗೆ ಜಪಸರ ಸುತ್ತಿದವರು ಶಿಲುಬೆಯನ್ನು ತಲೆಕೆಳಗು ಮಾಡಿದ್ದರಂತೆ. ತಮಟೆಗೆ ಮಾತ್ರ ಮೂವರೂ ಒಮ್ಮತದಿಂದ ಪೂರ್ತಿ ಅಂಕ ಕೊಟ್ಟರು. ಕೇಳುತ್ತಾ ಕೇಳುತ್ತಾ ನನಗೆ ಹಗುರವಾಗುತ್ತಾ ಬಂತು. ಎರಡು ದಿನದಿಂದ ಮನೆ ತುಂಬ ಜನ ಇದ್ದರೂ ಮನೆ ಮನೆಯ ಹಾಗೆ ಅನ್ನಿಸಿದ್ದು ಆಗಲೇ.

ಆದರೂ ಎಷ್ಟು ಜನ ಬಂದಿದ್ದರು ನೋಡಿ, ಅಷ್ಟು ಜನ ಅಮ್ಮನನ್ನು ಪ್ರೀತಿಸುತ್ತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ ಎಂದೆ.

ಒಬ್ಬರು ಕಾಫಿ ಲೋಟದೊಳಗೆ ಇಣುಕಿದರು. ಹಿರಿಯರೇ ಧೈರ್ಯ ಮಾಡಿದರು.

"ಪ್ರೀತಿ ಇರ್ಲಿಲ್ಲ ಅಂತ ನಾನ್ ಅನ್ನಲ್ಲಪ್ಪ. ಆದ್ರೆ ನಿಮ್ಮಮ್ಮ ಈ ಚರ್ಚಲ್ಲಿ ಯಾರ ಮನೆ ಸಾವನ್ನ ಬಿಟ್ಟಿದ್ಲು ಹೇಳು? ಎಲ್ರಿಗೂ ನಾಕು, ಐದು. ಆ ಮಾರ್ಕ್ಸು ಎಲ್ರ ಕಿವಿಗೂ ಬಿದ್ದಿತ್ತು. ಅವ್ಳದ್ದು ಎಂಗ್ ನಡೀತದೋ ನೋಡ್ಬುಡಾಣ ಅಂತ ಇಡೀ ಊರೇ ಬಂದಿತ್ತು."

ಚರ್ಚಿನಲ್ಲಿ ಅಲುಗಾಡಿದ ಆ ಭುಜಗಳೆಲ್ಲ ಒಮ್ಮೆಲೇ ನನಗೆ ಅರ್ಥವಾದವು. ನಗು ಬಂತು. ತಡೆಯಲಾಗದೆ ಕಂಬ ಹಿಡಿದುಕೊಂಡು ನಕ್ಕೆ. ಇದನ್ನು ಕೇಳಿದ್ದರೆ ಅಮ್ಮ ಎಷ್ಟು ನಗುತ್ತಿದ್ದಳು ಎಂದುಕೊಂಡದ್ದಷ್ಟೆ, ನಗು ಎಲ್ಲಿ ಮುಗಿಯಿತೋ ಅಳು ಎಲ್ಲಿ ಶುರುವಾಯಿತೋ ಗೊತ್ತಾಗಲಿಲ್ಲ. ಜಗಲಿಯ ಮೇಲೆ ಕೂತು ಮಗುವಿನ ಹಾಗೆ ಅತ್ತೆ. ಹೆಂಡತಿ ಒಳಗಿಂದ ಓಡಿಬಂದಳು.

ಹಿರಿಯರು ನನ್ನ ಬೆನ್ನು ಸವರಿದರು.

"ಅಳಪ್ಪ, ಚೆನ್ನಾಗಿ ಅತ್ಬುಡು. ಚರ್ಚಲ್ಲಿ ಮಗನ ಕಣ್ಣಲ್ಲಿ ಒಂದ್ ತೊಟ್ಟು ನೀರಿಲ್ಲ ಅಂತ ಎರಡು ಮಾರ್ಕ್ಸ್ ಕಳೆದಿದ್ವಿ. ಈಗ ವಾಪಸ್ ಸೇರಿಸ್ಬುಡ್ತೀವಿ."