ಮೇಲಿನ ಪುಸ್ತಕ

ಪುಸ್ತಕಕ್ಕೆ ರಟ್ಟು ಹಾಕುವ ಮನುಷ್ಯನನ್ನು ಪೂರ್ತಿ ನಂಬಬಾರದು. ಕೆಲವರು ಪುಸ್ತಕ ಕೊಳೆಯಾಗದಿರಲಿ ಎಂದು ಹಾಕುತ್ತಾರೆ, ಅವರು ಸಜ್ಜನರು. ಉಳಿದವರು ಹೆಸರು ಕಾಣದಿರಲಿ ಎಂದು ಹಾಕುತ್ತಾರೆ. ಬಳ್ಳಾರಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದಾಗ ನಾನು ಈ ಎರಡನೆಯ ಪಂಗಡಕ್ಕೆ ಸೇರಿದ್ದೆ. ಈಗ ಒಪ್ಪಿಕೊಂಡರೆ ಪಿಂಚಣಿಗೇನೂ ಧಕ್ಕೆಯಿಲ್ಲ.

ನನ್ನ ಗೋಡೆಗೂಡಿನಲ್ಲಿ ಅಂಥ ಪುಸ್ತಕಗಳು ಮೂರಿದ್ದವು. ಮೊದಲನೆಯದು ರಾಜಕೀಯದ್ದು. ಆಗ ನಮ್ಮ ಜಿಲ್ಲೆ ಇನ್ನೂ ಮದರಾಸಿನ ಕೈಯಲ್ಲಿತ್ತು. ಆಂಧ್ರಕ್ಕೆ ಹೋಗುತ್ತದೋ ಮೈಸೂರಿಗೆ ಹೋಗುತ್ತದೋ ಎಂದು ಚಹದಂಗಡಿಗಳಲ್ಲಿ ಕಪ್ಪುಬಸಿಗಳು ಒಡೆಯುತ್ತಿದ್ದವು. ಸರಕಾರಿ ಸಂಬಳ ತಿನ್ನುವವನು ಅಂಥ ಪುಸ್ತಕ ಹಿಡಿದು ಕೂರುವಂತಿರಲಿಲ್ಲ. ಎರಡನೆಯದು ದಾಂಪತ್ಯದ್ದು. ಗಂಡಹೆಂಡಿರು ಹೇಗೆ ಬಾಳಬೇಕೆಂದು ಅದು ವಿವರಿಸುತ್ತಿತ್ತು, ಅಂದರೆ ನಮ್ಮಪ್ಪನ ಕಣ್ಣಿಗೆ ಬಿದ್ದರೆ ನಾನು ಮನೆಯಲ್ಲಿ ಬಾಳುವಂತಿರಲಿಲ್ಲ. ಮೂರನೆಯದು ಪರಲೋಕದ್ದು. ಸತ್ತ ಮೇಲೆ ಮನುಷ್ಯ ಎಲ್ಲಿಗೆ ಹೋಗುತ್ತಾನೆಂಬುದನ್ನು ಅದು ಹನ್ನೆರಡು ಅಧ್ಯಾಯಗಳಲ್ಲಿ ಇತ್ಯರ್ಥ ಮಾಡಿತ್ತು. ಬಳ್ಳಾರಿ ಎಲ್ಲಿಗೆ ಹೋಗುತ್ತದೆಂಬುದನ್ನು ಮೊದಲನೆಯದು ಇಪ್ಪತ್ತರಲ್ಲೂ ಇತ್ಯರ್ಥ ಮಾಡಲಾರದೆ ಒದ್ದಾಡುತ್ತಿತ್ತು. ಮೂರಕ್ಕೂ ಸಕ್ಕರೆ ಕಟ್ಟಿ ಬಂದ ನೀಲಿ ಕಾಗದದ ರಟ್ಟು ಹಾಕಿ, ಹೆಸರಿದ್ದ ಮೊದಲ ಹಾಳೆಯನ್ನು ಗೋಂದು ಹಚ್ಚಿ ರಟ್ಟಿಗೇ ಅಂಟಿಸಿಬಿಟ್ಟಿದ್ದೆ. ಗುಟ್ಟಿಗೆಂದು ರಟ್ಟು ಹಾಕಿದೆ; ಗುಟ್ಟು ರಟ್ಟಾಗಿದ್ದೂ ಅದರಿಂದಲೇ.

ಆ ವರ್ಷ ನನ್ನ ತಂಗಿ ನೀಲಮ್ಮನಿಗೆ ಕುರುಗೋಡಿನಿಂದ ಸಂಬಂಧ ಬಂದಿತ್ತು. ಇದಕ್ಕೆ ಮುಂಚೆ ಬಂದ ಎರಡು ತಪ್ಪಿಹೋಗಿದ್ದರಿಂದ ಅವಳು ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳು. ಈ ಹುಡುಗ ಒಪ್ಪಿದ್ದ, ಅವನ ತಂದೆತಾಯಿ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಒಪ್ಪಿಗೆಯೆಂಬುದು ಹುಡುಗನ ಅಜ್ಜ ರುದ್ರಪ್ಪನವರ ಬಾಯಿಂದ ಬಿದ್ದರೆ ಮಾತ್ರ ಒಪ್ಪಿಗೆ. ಎಂಬತ್ತು ದಾಟಿದ ಆ ಹಿರಿಯರು ಹೆಣ್ಣು ನೋಡಲು ಬಂದವರು ಹೆಣ್ಣನ್ನು ಅರೆಗಳಿಗೆ ನೋಡಿ, ನನ್ನನ್ನು ಬಹಳ ಹೊತ್ತು ನೋಡಿದರು. "ಮಾಸ್ತರ, ನಿಮ್ಮ ಹತ್ರ ಮ್ಯಾಲಿನ ಲೋಕದ ಪುಸ್ತಕ ಐತಂತ, ನಿಮ್ಮ ಸಾಲಿಯವರು ಅಂದ್ರು. ನಾನೂ ಹೊಂಡಾಕ ನಿಂತಾಂವ, ದಾರಿ ಹೆಂಗೈತಿ ನೋಡ್ತೀನಿ. ಪುಸ್ತಕ ಓದ್ತೀನಿ, ಆಮ್ಯಾಲ ಮಾತು ಹೇಳ್ತೀನಿ" ಎಂದರು. ಮನೆಯ ಯೋಗ್ಯತೆಯನ್ನು ಮನೆಯ ಪುಸ್ತಕದಿಂದ ಅಳೆಯುವವರು ಅವರು.

ಅದರ ಮರುವಾರ ಪರೀಕ್ಷೆಯ ಕೆಲಸಕ್ಕೆಂದು ನಾನು ಸಿರುಗುಪ್ಪಕ್ಕೆ ಹೋಗಬೇಕಾಯಿತು. ಅಲ್ಲಿಂದ ಮನೆಯವಳಿಗೆ ಒಂದು ಕಾರ್ಡು ಹಾಕಿದೆ. ಮದುವೆಯ ಮಾತು ನಡೆಯುವಾಗ ಕಾಗದದಲ್ಲಿ ಸಾವು, ಪರಲೋಕ ಎಂದು ಬರೆಯಬಾರದು, ಅಪಶಕುನ. ಆದ್ದರಿಂದ ಬಲು ಜಾಣತನದಿಂದ, "ಕುರುಗೋಡಿನವರು ಬಂದರೆ ನನ್ನ ಗೂಡಿನಲ್ಲಿರುವ ಮೇಲಿನ ಪುಸ್ತಕ ಕೊಟ್ಟು ಕಳಿಸು" ಎಂದು ಬರೆದೆ.

ಪರೀಕ್ಷೆ ಮುಗಿಸಿ ಬಂದಾಗ ರುದ್ರಪ್ಪನವರ ಚೀಟಿ ಕಾದಿತ್ತು: "ಪುಸ್ತಕ ಮುಟ್ಟಿತು. ಮಠದಲ್ಲಿ ಎಲ್ಲರೆದುರು ಓದಿಸುತ್ತಿದ್ದೇನೆ. ಭಾನುವಾರ ಬರತಕ್ಕದ್ದು." ನಾನು ಹಿಗ್ಗಿನಿಂದ ಗೂಡಿಗೆ ಕೈ ಹಾಕಿದೆ. ರಾಜಕೀಯ ಸಿಕ್ಕಿತು. ಪರಲೋಕವೂ ಸಿಕ್ಕಿತು! ದಾಂಪತ್ಯ ಮಾತ್ರ ಸಿಗಲಿಲ್ಲ.

"ಯಾವುದು ಕೊಟ್ಟೀ?" ಎಂದು ಚೀರಿದೆ.

"ನೀವ ಬರದೀರಲ್ರೀ, ಮ್ಯಾಲಿಂದು ಅಂತ. ಮ್ಯಾಲಿದ್ದದ್ದು ಕೊಟ್ಟೆ" ಎಂದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಮಠ! ವಿಭೂತಿ ಹಚ್ಚಿಕೊಂಡ ಹಿರಿಯರ ಸಾಲು! ಅದರ ನಡುವೆ, ಮಡದಿಯ ಮುನಿಸನ್ನು ತಣಿಸುವ ಬಗೆ! ಅಷ್ಟೇ ಆಗಿದ್ದರೆ ಹೇಗೋ. ಪರಿವಿಡಿಯಲ್ಲಿ ಕಂಡಿದ್ದ ಮುಂದಿನ ಅಧ್ಯಾಯಗಳ ಹೆಸರನ್ನು ನೆನೆದರೆ ಕಿವಿ ಬಿಸಿಯಾಗುತ್ತಿತ್ತು. ನೀಲಮ್ಮನ ಮದುವೆ ಮುರಿದು ಬಿದ್ದ ಸದ್ದು ನನಗೆ ಬಳ್ಳಾರಿಗೇ ಕೇಳಿಸಿತು.

ಭಾನುವಾರ ಕುರುಗೋಡಿನ ಬಸ್ಸು ಕೆಟ್ಟು ನಿಲ್ಲಲಿ ಎಂದು ದಾರಿಯುದ್ದಕ್ಕೂ ಪ್ರಾರ್ಥಿಸಿದೆ. ಹುಟ್ಟಿದಾಗಿನಿಂದ ನೆಟ್ಟಗೆ ಓಡದ ಆ ಬಸ್ಸು ಅಂದು ಸಮಯಕ್ಕೆ ಮುಂಚೆಯೇ ಮುಟ್ಟಿಸಿತು. ಕಟ್ಟೆಯ ಮೇಲೆ ಕೂತಿದ್ದ ರುದ್ರಪ್ಪನವರು ನನ್ನನ್ನು ಕಂಡವರೇ ಎದ್ದು ನಿಂತು ಕೈ ಮುಗಿದರು. ಆ ವಯಸ್ಸಿನವರು ಕೈ ಮುಗಿದರೆ ನನ್ನಂಥವನಿಗೆ ಬೈಗುಳಕ್ಕಿಂತ ಹೆಚ್ಚು ಭಯ.

"ಏನ್ ಪುಸ್ತಕರೀ ಮಾಸ್ತರ, ಭಲೇ! ಮೊದಲು ನಾನೂ ಗಾಬರಿಯಾದೆ. ಇದೇನಲೇ, ಬರೇ ಗಂಡ ಹೆಂಡ್ತಿ ಅಂತೈತಿ ಅಂದೆ. ಆಮ್ಯಾಲ ಹೊಳೀತು ನೋಡ್ರಿ. ಶರಣ ಸತಿ, ಲಿಂಗ ಪತಿ! ಗಂಡ ಅಂದ್ರ ಶಿವ, ಹೆಂಡ್ತಿ ಅಂದ್ರ ನಾವು. 'ಗಂಡ ಮಾತಾಡದೆ ಕುಂತ್ರ ಕೋಪ ಅಂತ ತಿಳೀಬ್ಯಾಡ, ಕಾಯಿ' ಅಂತೈತಿ. ದೇವರು ಮಾತಾಡ್ತಾನೇನ್ರಿ? ಇಲ್ಲ! ಕಾಯಬೇಕು!"

"ಅತ್ತೆಯ ಅಧ್ಯಾಯ...?" ಎಂದು ರಾಗ ಎಳೆದೆ.

"ಅತ್ತಿ ಅಂದ್ರ ಮಾಯೆ! ಶಿವನ ಕೂಡ ಕೂಡಾಕ ಬಿಡವಲ್ಲಳು!"

ಹೊಸ ಮದುಮಕ್ಕಳು ಕೋಣೆಯ ಬಾಗಿಲು ಹಾಕಿಕೊಳ್ಳುವ ಅಧ್ಯಾಯವೊಂದಿತ್ತಲ್ಲ, ಅದರ ಗತಿ ಏನಾಯಿತೆಂದು ನಾನು ಕೇಳಲಿಲ್ಲ. ಅವರೇ ಹೇಳಿದರು. "ಅದು ಲಿಂಗೈಕ್ಯ! ಅದನ್ನ ಓದಿಸಿದಾಗ ಮಠದ ಅಯ್ಯನೋರು ಕಣ್ಣೀರು ಹಾಕಿದ್ರು" ಎಂದು ತಾವೂ ಕಣ್ಣೊರಸಿಕೊಂಡರು. "ಇಂಥಾ ಪುಸ್ತಕ ಇಟ್ಟ ಮನೀ ಹುಡುಗಿ ನಮ್ಮ ಮನೀಗೆ ಬರಬೇಕ್ರಿ. ತಾಂಬೂಲ ತರ್ರಿ!"

ಹೊರಡುವಾಗ ಅವರ ಹೆಂಡತಿ, ಬೆನ್ನು ಬಾಗಿದ ಅಜ್ಜಿ, ನನ್ನನ್ನು ಕಂಬದ ಮರೆಗೆ ಕರೆದರು. "ಮಾಸ್ತರ, ಅವರಿಗೆ ತಿಳಿದದ್ದು ಬ್ಯಾರೆ, ನನಗ ತಿಳಿದದ್ದು ಬ್ಯಾರೆ. ಬಾಯಿ ಬಿಡಬ್ಯಾಡ್ರಿ. 'ಜೊತಿಗಿರೋ ಜೀವಕ್ಕ ಉಣಿಸಿ ಉಣ್ಣು' ಅಂತ ಓದಿಸಿದ್ರಂತ. ಅವತ್ತಿಂದ ದಿನಾ ನನಗ ಉಂಡಿಯೇನು ಅಂತ ಕೇಳಾಕ ಹತ್ಯಾರ. ಅರವತ್ತು ವರ್ಷದಾಗ ಇದ ಮೊದಲು." ಅವರ ಕಣ್ಣಲ್ಲಿ ನಗುವಿನ ಜೊತೆ ನೀರೂ ಇತ್ತು.

ಮನೆಗೆ ಬಂದು ಸುದ್ದಿ ಹೇಳಿದೆ. ನೀಲಮ್ಮ ಎದ್ದು ಒಳಗೆ ಹೋದಳು. ಕನ್ನಡಿಯ ಮೊಳೆ ಕಿರ್ರೆಂದ ಸದ್ದಾಯಿತು. ಸಂಕಟ ಕಳೆದ ಮೇಲೆ ಗಂಡಸಿಗೆ ವಿಚಾರಣೆ ನೆನಪಾಗುತ್ತದೆ. ನಾನು ಮೀಸೆ ನೀವುತ್ತಾ ಮನೆಯವಳನ್ನು ಕೇಳಿದೆ: "ಅಲ್ಲ, ಆ ಪುಸ್ತಕ ನಾನು ಎಲ್ಲಕ್ಕೂ ತಳದಲ್ಲಿಟ್ಟಿದ್ದೆ. ಮೇಲೆ ಹೇಗೆ ಬಂತು?"

"ನಾನ ಇಟ್ಟೆ."

"ಯಾಕೆ?"

"ಓದಿದೆ. ಚಲೋ ಐತಿ ಅನಿಸ್ತು. ನಿಮ್ಮ ಗುರುತಿನ ಚೀಟಿ ಒಂಬತ್ತನೇ ಪುಟದಾಗ ಇತ್ತು. ಕೈಗೆ ಸಿಗಂಗಿದ್ರ ಮುಂದ ಓದ್ತೀರೇನೋ ಅಂತ ಮ್ಯಾಲಿಟ್ಟೆ. ಹೋದ ಯುಗಾದಿಯಿಂದ ಮ್ಯಾಲ ಐತ್ರಿ."

ಮೂರು ಪುಸ್ತಕ ಕೊಂಡು, ಮೂರಕ್ಕೂ ರಟ್ಟು ಹಾಕಿ, ಮೂರು ಲೋಕವನ್ನೂ ಬಲ್ಲೆನೆಂದುಕೊಂಡಿದ್ದವನು ನಾನು. ರುದ್ರಪ್ಪನವರು ತಪ್ಪು ತಿಳಿದರೂ ಪೂರ್ತಿ ಓದಿದ್ದರು. ನಾನು ಸರಿಯಾಗಿ ತಿಳಿದೂ ಒಂಬತ್ತರಲ್ಲಿ ನಿಂತಿದ್ದೆ. ಇನ್ನಾದರೂ ಓದೋಣವೆಂದರೆ ಪುಸ್ತಕ ಕುರುಗೋಡಿನಿಂದ ತಿರುಗಿ ಬರಲೇ ಇಲ್ಲ. ಪ್ರತಿ ಶ್ರಾವಣದಲ್ಲಿ ಮಠದಲ್ಲಿ ಅದರ ಪಾರಾಯಣವಂತೆ.

"ಹತ್ತನೇ ಪುಟದಲ್ಲಿ ಏನಿದೆ?" ಎಂದು ಒಮ್ಮೆ ಮೆಲ್ಲಗೆ ಅವಳನ್ನೇ ಕೇಳಿದೆ.

"ಕುರುಗೋಡಿಗೆ ಬಸ್ಸೈತ್ರಿ" ಎಂದಳು. "ಅಯ್ಯನೋರ ಮುಂದ ಕುಂತು ಕೇಳಿಕೊಂಡು ಬರ್ರಿ."